ಹಲ್ಲು ಮೂಡದವರ ಹ್ಯಾಲೋವೀನ್

ನಮ್ಮ ಲಿಂಡನ್ ಬೀದಿಯ ವರ್ನಾ ಹೊಲುಬ್ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಈರೀ ಸರೋವರದ ದಂಡೆಯ ಈ ಊರಿನಲ್ಲಿ ಈಗ ಗಡ್ಡ ಬಿಟ್ಟುಕೊಂಡು ಓಡಾಡುವ ಗಂಡಸರಲ್ಲಿ ಅರ್ಧದಷ್ಟು ಜನ ಒಂದಲ್ಲ ಒಂದು ದಿನ ಅವಳಿಂದ "ಕೂತ್ಕೋತೀಯೋ, ಇಳೀತೀಯೋ?" ಎಂದು ಕೇಳಿಸಿಕೊಂಡವರೇ. ಅವಳು ಕೂಗುತ್ತಿರಲಿಲ್ಲ. ತಲೆಯ ಮೇಲಿನ ಉದ್ದ ಕನ್ನಡಿಯಲ್ಲಿ ಒಮ್ಮೆ ನೋಡಿದರೆ ಹಿಂದಿನ ಸೀಟಿನವರೆಗೂ ಸದ್ದಡಗುತ್ತಿತ್ತು.

ಸಿಟ್ಟು ಅವಳ ಮೂಗಿನ ತುದಿಯಲ್ಲೇ ಇರುತ್ತಿತ್ತು. ಕಸದ ಡಬ್ಬಿಯನ್ನು ಒಂದು ದಿನ ಮೊದಲೇ ಬೀದಿಗೆ ತಂದಿಡುವವರ ಮೇಲೆ ಸಿಟ್ಟು. ಬಸ್ಸು ನಿಂತ ಮೇಲೆ ಮಗುವಿನ ಮಫ್ಲರ್ ಕಟ್ಟಲು ಶುರುಮಾಡುವ ತಾಯಂದಿರ ಮೇಲೆ ಸಿಟ್ಟು. ಆದರೆ ವರ್ಷಕ್ಕೊಮ್ಮೆ, ಅಕ್ಟೋಬರಿನ ಕೊನೆಯ ಸಂಜೆ ಬರುತ್ತಿದ್ದ ಸಿಟ್ಟಿನ ಮುಂದೆ ಇವೆಲ್ಲ ಏನೂ ಅಲ್ಲ. ಎಳೆಗೂಸುಗಳಿಗೆ ವೇಷ ಹಾಕಿಸಿಕೊಂಡು ಮನೆಮನೆಗೆ ಮಿಠಾಯಿ ಕೇಳಲು ಬರುವ ತಂದೆತಾಯಿಗಳನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಊರಿನಲ್ಲಿ ಹ್ಯಾಲೋವೀನಿಗೆ ಹೊತ್ತು ಗೊತ್ತು ಉಂಟು. ಆರು ಗಂಟೆಗೆ ಅಗ್ನಿಶಾಮಕ ಠಾಣೆಯ ಸೈರನ್ ಕೂಗಿದಾಗ ಶುರು, ಎಂಟಕ್ಕೆ ಮತ್ತೆ ಕೂಗಿದಾಗ ಮುಗಿಯಿತು. ವರ್ನಾ ತನ್ನ ತೀರಿಕೊಂಡ ಗಂಡ ಸ್ಟಾನ್‌ನ ಹಳೆಯ ಕೋಟು ಹೊದ್ದು, ಜಗಲಿಯ ಮೇಲೆ ಮಡಿಸುವ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ದೊಡ್ಡ ಬೋಗುಣಿ ಇಟ್ಟುಕೊಂಡು ಕೂರುತ್ತಿದ್ದಳು. ಉಳಿದವರು ಚೂರುಪಾರು ಚಾಕಲೇಟು ಕೊಟ್ಟರೆ ಇವಳದ್ದು ಪೂರ್ತಿ ಅಳತೆಯ ಚಾಕಲೇಟು. ಅದಕ್ಕೇ ಮಕ್ಕಳು ಬೀದಿಯ ಆಚೆ ತುದಿಯಿಂದ ನೇರ ಇವಳಲ್ಲಿಗೆ ಓಡಿ ಬರುತ್ತಿದ್ದವು. ನಿಯಮ ಮೂರು: ವೇಷ ಇರಬೇಕು, ಬಾಯಿಬಿಟ್ಟು ಕೇಳಬೇಕು, ಬಾಯಲ್ಲಿ ಹಲ್ಲಿರಬೇಕು.

ಕುಂಬಳಕಾಯಿಯ ಟೊಪ್ಪಿ ಹಾಕಿದ ಆರು ತಿಂಗಳ ಕೂಸನ್ನು ಯಾರಾದರೂ ಎತ್ತಿ ತಂದರೆ, ವರ್ನಾ ಬೋಗುಣಿಯ ಮೇಲೆ ಕೈಯಡ್ಡ ಇಟ್ಟು, "ಎಲ್ಲಿ, ಹಲ್ಲು ತೋರ್ಸು" ಎನ್ನುತ್ತಿದ್ದಳು. ಕೂಸು ಬೊಚ್ಚುಬಾಯಿ ತೆರೆದು ನಕ್ಕರೆ, "ಹಾಗಾದ್ರೆ ಚಾಕಲೇಟು ಯಾರಿಗೆ?" ಎಂದು ಅಪ್ಪನ ಹೊಟ್ಟೆಯನ್ನೇ ನೋಡುವಳು. ಎಷ್ಟೋ ಜನ ನಕ್ಕು ಮುಂದೆ ಹೋಗುತ್ತಿದ್ದರು. ನಗದೇ ಹೋದವಳು ಜೋಲೀನ್ ಮ್ಯಾಕಫಿ.

ಅದು ಏಳು ವರ್ಷದ ಹಿಂದಿನ ಮಾತು. ಜೋಲೀನ್ ಆಗಷ್ಟೇ ನಮ್ಮ ಬೀದಿಯ ತುದಿಯ ಹತ್ತಿರದ ಮನೆಗೆ ಬಂದಿದ್ದಳು. ನಾಲ್ಕು ತಿಂಗಳ ಮಗ ವೆಸ್ಲಿಗೆ ದೊಗಲೆಯಾದ ಕರಡಿಯ ವೇಷ ಹಾಕಿ ಎದೆಗೆ ಕಟ್ಟಿಕೊಂಡು ವರ್ನಾಳ ಜಗಲಿ ಹತ್ತಿದಳು. ಹಿಂದೆ ಹತ್ತು ಹನ್ನೆರಡು ಜನ ಸಾಲಿನಲ್ಲಿದ್ದರು. ವರ್ನಾ ಎಂದಿನಂತೆ ಹಲ್ಲು ಕೇಳಿ, "ನಿನಗೆ ತಿನ್ನೋ ಆಸೆ ಇದ್ರೆ ಅಂಗಡೀಲಿ ಸಿಗತ್ತೆ. ಮಗೂನ ಮುಂದಿಟ್ಕೊಂಡು ಯಾಕೆ ಬರ್ತೀಯ?" ಎಂದುಬಿಟ್ಟಳು. ಜೋಲೀನ್‌ಳ ಮುಖ ಕೆಂಪಾಯಿತು. "ಹೆರಿಗೆ ಆದ್ಮೇಲೆ ನಾನು ಮನೆಯಿಂದ ಹೊರಗೆ ಕಾಲಿಟ್ಟಿದ್ದು ಇವತ್ತೇ ಮೊದಲು. ಜನರ ಮುಖ ನೋಡೋಣ ಅಂತ ಬಂದೆ. ನಿನ್ನ ಚಾಕಲೇಟು ನೀನೇ ಇಟ್ಕೋ" ಎಂದು ಇಳಿದುಹೋದಳು. ಮುಂದಿನ ಐದು ಹ್ಯಾಲೋವೀನುಗಳಲ್ಲಿ ಅವಳು ವರ್ನಾಳ ಜಗಲಿ ತುಳಿಯಲಿಲ್ಲ. ವೆಸ್ಲಿ ಬೆಳೆದು ವರ್ನಾಳ ಬಸ್ಸನ್ನೇ ಹತ್ತಲು ಶುರುಮಾಡಿದ. ತಾಯಿ ಬಸ್ಸಿನ ಬಾಗಿಲ ತನಕ ಬಂದು, ವರ್ನಾಳನ್ನು ಗಾಳಿಯೆಂಬಂತೆ ದಾಟಿ ನೋಡಿ, ವಾಪಸು ಹೋಗುತ್ತಿದ್ದಳು.

ವರ್ನಾಳ ಒಬ್ಬನೇ ಮಗ ಡ್ವೇನ್. ಸರೋವರದ ತಳದಡಿಯಲ್ಲಿ ಹಬ್ಬಿರುವ ಉಪ್ಪಿನ ಗಣಿಯಲ್ಲಿ ಅವನಿಗೆ ಪಾಳಿ ಕೆಲಸ. ಹೆಂಡತಿ ಕೆಲ್ಸಿ. ಇಬ್ಬರೂ ನಮ್ಮ ಬೀದಿಯ ಮೊದಲ ಮನೆಯಲ್ಲೇ ಇದ್ದಾರೆ. ಎರಡು ವರ್ಷದ ಹಿಂದೆ ಸೆಪ್ಟೆಂಬರಿನಲ್ಲಿ ಅವರಿಗೆ ಅವಳಿ ಮಕ್ಕಳು ಹುಟ್ಟಿದವು, ಥಿಯೋ ಮತ್ತು ಜೂನ್, ದಿನ ತುಂಬುವುದಕ್ಕೆ ಹತ್ತು ವಾರ ಮೊದಲೇ. ಒಂದೊಂದೂ ಒಂದು ಬ್ರೆಡ್ಡಿನ ಪೊಟ್ಟಣದಷ್ಟು ಇದ್ದವು. ಎರಡು ತಿಂಗಳು ಪಟ್ಟಣದ ಆಸ್ಪತ್ರೆಯಲ್ಲಿ, ಗಾಜಿನ ಪೆಟ್ಟಿಗೆಗಳಲ್ಲಿ ಮಲಗಿದ್ದವು. ಆ ವರ್ಷದ ಹ್ಯಾಲೋವೀನ್ ದಿನ ನರ್ಸುಗಳು ಅವಕ್ಕೆ ಕಿತ್ತಳೆಹಣ್ಣಿನಷ್ಟು ಪುಟ್ಟ ಟೊಪ್ಪಿ ಹೆಣೆದು ಹಾಕಿದ್ದರು. ಕೆಲ್ಸಿ ಗಾಜಿನಾಚೆ ನಿಂತು, "ಮುಂದಿನ ವರ್ಷ ನಿಮ್ಮನ್ನ ಬೀದಿಯ ಪ್ರತಿ ಮನೆಗೂ ಕರ್ಕೊಂಡು ಹೋಗ್ತೀನಿ. ಒಂದು ಬಾಗಿಲೂ ಬಿಡಲ್ಲ" ಎಂದು ಆಣೆಯಂತೆ ಹೇಳಿದ್ದಳು.

ಆ ದಿನ ವರ್ನಾ ಅಲ್ಲಿರಲಿಲ್ಲ. ಆ ಎರಡು ತಿಂಗಳಲ್ಲಿ ಅವಳು ಆಸ್ಪತ್ರೆಗೆ ಹೋಗಿದ್ದೇ ಮೂರು ಸಲ. ಸೂಪು ತಂದು ಹೊರಗಿನ ಬೆಂಚಿನ ಮೇಲಿಟ್ಟು, "ಮೂರು ಗಂಟೆಗೆ ಬಸ್ಸಿದೆ" ಎಂದು ಹೊರಟುಬಿಡುತ್ತಿದ್ದಳು. ಮಕ್ಕಳನ್ನು ನೋಡಿದ್ದು ಅವು ಮನೆಗೆ ಬಂದ ಮೇಲೆಯೇ. ಕೆಲ್ಸಿ ಅದನ್ನು ಎತ್ತಿ ಆಡಲಿಲ್ಲ. ಆದರೆ ಅಂದಿನಿಂದ ಅತ್ತೆ ಸೊಸೆಯರ ನಡುವೆ ಬರೀ ಹವಾಮಾನ ಮತ್ತು ಹಾಲಿನ ಡಬ್ಬಿಯ ಮಾತು.

ಮರುವರ್ಷದ ಹ್ಯಾಲೋವೀನ್ ದಿನ, ಸಂಜೆ ಐದಕ್ಕೆ ಕಾಲು ಗಂಟೆ ಇರುವಾಗ, ವರ್ನಾ ಬಸ್ಸನ್ನು ಶೆಡ್ಡಿನಲ್ಲಿ ಬಿಟ್ಟು ಮನೆಗೆ ಬಂದು ಬೂಟು ಬಿಚ್ಚುತ್ತಿದ್ದಾಗ ಫೋನು ಬಂತು.

"ವರ್ನಾ, ನಾನು ಮೆಟ್ಟಿಲಿಂದ ಬಿದ್ದೆ" ಎಂದಳು ಕೆಲ್ಸಿ.

"ಮಕ್ಕಳು?"

"ಅವು ತೊಟ್ಟಿಲಲ್ಲಿವೆ. ನನ್ನ ಕಾಲು ಊದ್ಕೊಂಡಿದೆ. ಹೆಜ್ಜೆ ಇಡಕ್ಕಾಗ್ತಿಲ್ಲ."

"ಅಲ್ಲಾಡ್ಬೇಡ. ಬಂದೆ. ಆಸ್ಪತ್ರೆಗೆ ಹೋಗೋಣ."

"ಆಸ್ಪತ್ರೆ ಆಮೇಲೆ. ಆರಕ್ಕೆ ಸೈರನ್ ಆಗತ್ತೆ. ಡ್ವೇನ್ ಗಣಿಯಿಂದ ಮೇಲೆ ಬರೋದು ಎಂಟಕ್ಕೆ. ನೀವು ಮಕ್ಕಳನ್ನ ಕರ್ಕೊಂಡು ಹೋಗ್ಬೇಕು."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಮನೆಮನೆಗೆ."

ವರ್ನಾ ಫೋನನ್ನೇ ದಿಟ್ಟಿಸಿದಳಂತೆ. "ಕಾಲು ಮುರ್ಕೊಂಡಿದೀಯೋ, ತಲೆ ಮುರ್ಕೊಂಡಿದೀಯೋ? ಆ ಮಕ್ಕಳಿಗೆ ಹ್ಯಾಲೋವೀನೂ ಗೊತ್ತಿಲ್ಲ, ಮಂಗಳವಾರವೂ ಗೊತ್ತಿಲ್ಲ. ಹಲ್ಲಿಲ್ಲದವರಿಗೆ ಮಿಠಾಯಿ ಯಾಕೆ?"

"ಥಿಯೋಗೆ ನಾಲ್ಕಿದೆ."

"ಜೂನ್‌ಗೆ?"

"ಒಂದು. ಅರ್ಧ ಬಂದಿದೆ."

"ಹೊರಗೆ ಹಿಮ ಬೆರೆತ ಮಳೆ ಬೀಳ್ತಿದೆ, ಕೆಲ್ಸಿ."

ಅತ್ತಲಿಂದ ಮೂಗು ಎಳೆದುಕೊಂಡ ಸದ್ದು. "ಒಂದು ಬಾಗಿಲೂ ಬಿಡಲ್ಲ ಅಂತ ಹೇಳಿದ್ದೆ ಅವಕ್ಕೆ" ಎಂದಳು.

"ಸರಿ ಸರಿ, ಅಳ್ಬೇಡ. ಬಂದೆ" ಎಂದು ವರ್ನಾ ಬಿಚ್ಚಿದ ಬೂಟನ್ನೇ ಮತ್ತೆ ಹಾಕಿಕೊಂಡಳು.

ನಾನು ವರ್ನಾಳ ಎದುರು ಮನೆಯ ವಾಸಿ. ಬೀದಿ ದಾಟಿ ಬಂದವಳು ಬಾಗಿಲು ತಟ್ಟದೇ ಒಳಗೆ ನುಗ್ಗಿ, "ನಿನ್ನ ಎಳೆಯೋ ಕೈಬಂಡಿ ಕೊಡು, ನೀನೂ ಬಾ. ಸೊಸೆ ಕಾಲಿಗೆ ಐಸು ಹಿಡಿಯೋಕೆ ಒಬ್ರು ಬೇಕು" ಎಂದಳು. ನಾನು ಮಿಠಾಯಿಯ ಬೋಗುಣಿಯನ್ನು ಬಾಗಿಲ ಮುಂದಿಟ್ಟು, "ತಲೆಗೊಂದೇ" ಎಂದು ಚೀಟಿ ಬರೆದಿಟ್ಟು ಹೊರಟೆ. ಸೈರನ್ ಆದ ಐದೇ ನಿಮಿಷದಲ್ಲಿ ಅದು ಬರಿದಾಯಿತೆಂದು ಆಮೇಲೆ ತಿಳಿಯಿತು. ಬೋಗುಣಿಯೂ ಹೋಗಿತ್ತು.

ಕೆಲ್ಸಿ ಸೋಫಾದ ಮೇಲೆ ಕಾಲು ಚಾಚಿ ಕುಳಿತಿದ್ದಳು. ಪಾದ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಆದರೂ ಅವಳ ಕಣ್ಣು ಮೂಲೆಯಲ್ಲಿದ್ದ ವೇಷಗಳ ಮೇಲೆಯೇ. ಬೇಸಿಗೆಯಿಂದ ಕೂತು ಹೊಲಿದದ್ದು. ಮಕ್ಕಳು ಎರಡು ಮೊಟ್ಟೆಗಳು: ದಪ್ಪ ಹತ್ತಿ ತುಂಬಿದ ಬಿಳಿಯ ಉಂಡೆ, ತಲೆಗೆ ಒಡೆದ ಚಿಪ್ಪಿನ ಟೊಪ್ಪಿ. ಬಂಡಿಯಲ್ಲಿ ಹಾಸಲು ಒಣಹುಲ್ಲಿನ ಗೂಡು. ಅದರ ಪಕ್ಕದಲ್ಲಿ ಕೆಂಪು ಜುಟ್ಟು, ಹಳದಿ ಕೊಕ್ಕಿನ ಇನ್ನೊಂದು ಟೊಪ್ಪಿ.

"ಅದ್ಯಾರಿಗೆ?" ಎಂದಳು ವರ್ನಾ.

"ಕೋಳಿಗೆ. ನಾನಾಗ್ಬೇಕಿತ್ತು. ಈಗ ನೀವು."

"ಸಾಧ್ಯವೇ ಇಲ್ಲ."

"ಕೋಳಿ ಇಲ್ದೆ ಮೊಟ್ಟೆ ಎಲ್ಲಿಂದ ಬಂತು ಅಂತಾರೆ ಜನ."

"ಯಾವನೂ ಕೇಳಲ್ಲ!" ಎಂದು ವರ್ನಾ ರೇಗಿದಳು. ನಾನು ಐಸಿನ ಚೀಲದ ಮೇಲೆ ತಲೆ ತಗ್ಗಿಸಿ ನಗು ನುಂಗಿಕೊಂಡೆ.

ಮಗುವಿಗೆ ಬಟ್ಟೆ ಹಾಕುವುದು ಸುಲಭವಲ್ಲ. ಎರಡು ಮಕ್ಕಳನ್ನು ಮೊಟ್ಟೆ ಮಾಡುವುದೆಂದರೆ ಬಾವಿಯ ಕಪ್ಪೆಗಳನ್ನು ತಕ್ಕಡಿಯಲ್ಲಿ ಕೂರಿಸಿದ ಹಾಗೆ. ಥಿಯೋನ ಕೈ ತೂರಿಸುವಷ್ಟರಲ್ಲಿ ಜೂನ್ ಟೊಪ್ಪಿ ಕಿತ್ತು ಬಾಯಿಗಿಟ್ಟುಕೊಂಡಳು. ಜೂನ್‌ಳ ಗುಂಡಿ ಹಾಕುವಷ್ಟರಲ್ಲಿ ಥಿಯೋ ಕೆಂಪಾಗಿ ಮುಕ್ಕರಿದ. ಇಡೀ ವೇಷ ಬಿಚ್ಚಿ, ಡಯಾಪರ್ ಬದಲಿಸಿ, ಮತ್ತೆ ಹಾಕಬೇಕಾಯಿತು. ಅದು ಮುಗಿದ ಮೇಲೆ ಕೆಲ್ಸಿ, "ಚಳಿ ಇದೆ, ಮೇಲೆ ಕೋಟು ಹಾಕಿ" ಎಂದಳು.

"ಮೂರು ತಿಂಗಳು ಹೊಲಿದ್ದು ಕೋಟಿನೊಳಗೆ ಇಡೋಕಾ?"

"ಶೀತ ಆಗ್ಬಾರ್ದು. ಡಾಕ್ಟ್ರು ಹೇಳಿದಾರೆ."

"ಶೀತ ಆಗ್ಬಾರ್ದು ಅಂದ್ರೆ ಮನೇಲಿ ಇರ್ಬೇಕು!"

ಸೈರನ್ ಕೂಗಿತು. ಕೋಟು ತೊಟ್ಟ ಮೊಟ್ಟೆಗಳನ್ನು ಹುಲ್ಲಿನ ಗೂಡಿನಲ್ಲಿ ಕೂರಿಸಿ, ತಲೆಯ ಮೇಲೆ ಕೆಂಪು ಜುಟ್ಟು ಹೊತ್ತು, ನನ್ನ ಬಂಡಿಯನ್ನು ಕೀಚು ಕೀಚು ಎನ್ನಿಸುತ್ತ ವರ್ನಾ ಹೊರಟಳು. "ಪ್ರತಿ ಮನೇಲೂ ಫೋಟೋ ತೆಗೀರಿ!" ಎಂದು ಕೆಲ್ಸಿ ಹಿಂದಿನಿಂದ ಕೂಗಿದಳು.

ಇಲ್ಲಿಯವರೆಗೆ ನಾನು ಕಣ್ಣಾರೆ ಕಂಡದ್ದು. ಮುಂದಿನದನ್ನು ವರ್ನಾ ಹೇಳಿದಳು, ಜೋಲೀನ್ ಅಲ್ಲಲ್ಲಿ ತಿದ್ದಿದಳು.

ಮೊದಲು ತಟ್ಟಿದ ಬಾಗಿಲು ಓಟಿಸ್ ಬ್ರಾಂಟ್‌ನದು. ಮೂರು ವರ್ಷದ ಹಿಂದೆ ಮೊಮ್ಮಗಳನ್ನು ಎತ್ತಿಕೊಂಡು ಹೋಗಿ ವರ್ನಾಳ ಜಗಲಿಯಿಂದ ಬರಿಗೈಲಿ ಬಂದವನು ಅವನು. ಬಾಗಿಲು ತೆಗೆದವನು ಕೋಳಿಯನ್ನು ನೋಡಿದ, ಬಂಡಿಯನ್ನು ನೋಡಿದ, ನಿಧಾನವಾಗಿ ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದ. ಮುಖದಲ್ಲಿ ಹುಣ್ಣಿಮೆ ಮೂಡಿತು.

"ಎಲ್ಲಿ, ಹಲ್ಲು ತೋರ್ಸು" ಎಂದ.

"ಓಟಿಸ್, ಸುಮ್ನೆ ಕೊಡು."

"ನಿಯಮ ಅಂದ್ರೆ ನಿಯಮ, ವರ್ನಾ. ನಾನು ಮಾಡಿದ್ದಲ್ಲ."

ಥಿಯೋ ತುಟಿ ಬಿಗಿದು ಕುಳಿತಿದ್ದ. ವರ್ನಾ ಅವನ ಕೆಳದುಟಿ ಎಳೆದು, ಜಾತ್ರೆಯಲ್ಲಿ ಕುದುರೆ ಮಾರುವವಳ ಹಾಗೆ, "ಒಂದು, ಎರಡು, ಮೂರು, ನಾಲ್ಕು!" ಎಂದು ಎಣಿಸಿ ತೋರಿಸಿದಳು. ಓಟಿಸ್ ಒಳಗೆ ತಿರುಗಿ, "ಲೋ, ಬರ್ರೋ ಬರ್ರೋ, ವರ್ನಾ ಬಂದಿದಾಳೆ, ಕೋಳಿ ಆಗಿ!" ಎಂದು ಮನೆಮಂದಿಯನ್ನೆಲ್ಲ ಕರೆದ. ಆಮೇಲೆ ಅವನೇ ಮುಂದಿನ ಮನೆಗೂ ಫೋನು ಮಾಡಿದನೋ ಏನೋ, ವರ್ನಾ ಮೆಟ್ಟಿಲು ಹತ್ತುವ ಮೊದಲೇ ಬಾಗಿಲುಗಳು ತೆರೆದಿದ್ದವು. ಎಲ್ಲ ಕಡೆ ಒಂದೇ ಮಾತು. ಒಬ್ಬಳು ಟಾರ್ಚು ಹಿಡಿದು ಜೂನ್‌ಳ ಬಾಯೊಳಗೆ ನೋಡಿ, "ಇದನ್ನ ಹಲ್ಲು ಅಂತಾರಾ?" ಎಂದಳು. ಹಲ್ಲಿನ ಡಾಕ್ಟರ ಬಳಿ ಕೆಲಸ ಮಾಡುವ ಇನ್ನೊಬ್ಬಳು ಇಬ್ಬರಿಗೂ ಒಂದೊಂದು ಹಲ್ಲುಜ್ಜುವ ಬ್ರಷ್ಷು ಕೊಟ್ಟಳು.

ಹದಿನಾಲ್ಕನೇ ನಂಬರಿನ ಮನೆಯವರು ಬಾಗಿಲಲ್ಲಿ ಬ್ಯಾಟರಿಯ ಅಸ್ಥಿಪಂಜರ ನಿಲ್ಲಿಸಿದ್ದರು. ಹತ್ತಿರ ಹೋದೊಡನೆ ಅದು ಕಣ್ಣು ಮಿನುಗಿಸಿ ಗಹಗಹಿಸಿತು. ಥಿಯೋ ಒಮ್ಮೆ ಉಸಿರು ಹಿಡಿದು, ಮುಂದಿನ ಮೂರು ಮನೆಗಳವರೆಗೆ ಒಂದೇ ಸಮ ಕಿರುಚಿದ. ಜೂನ್‌ಗೆ ಹೆದರಿಕೆಯಿಲ್ಲ, ಹಸಿವು. ಅವಳು ಗೂಡಿನ ಒಣಹುಲ್ಲು ಅಗಿಯುತ್ತಿದ್ದಳು. ವರ್ನಾ ಬೆರಳು ಹಾಕಿ ಹುಲ್ಲು ತೆಗೆದರೆ, ಅವಳು ಬೆರಳನ್ನೇ ಅಗಿದಳು, ಆ ಅರ್ಧ ಹಲ್ಲಿನಿಂದ. ಇಪ್ಪತ್ತೊಂದನೇ ಮನೆಯ ನಾಯಿ ಬಂದು ಇಬ್ಬರ ಮುಖವನ್ನೂ ನೆಕ್ಕಿ, ಥಿಯೋನ ಒಂದು ಬೂಟು ಕಚ್ಚಿಕೊಂಡು ಹೋಯಿತು. ಬೂಟಿಗಾಗಿ ಕೋಳಿ ನಾಯಿಯ ಹಿಂದೆ ಹೂದೋಟದ ತುಂಬ ಓಡಿತು.

ನಾನಿಲ್ಲಿ ಕೆಲ್ಸಿಯ ಪಕ್ಕ ಕುಳಿತು ಒಂದೊಂದೇ ಫೋಟೋ ಬರುವುದನ್ನು ನೋಡುತ್ತಿದ್ದೆ. ಎಲ್ಲದರಲ್ಲೂ ವರ್ನಾಳ ಹೆಬ್ಬೆರಳು. ಒಂದರಲ್ಲಿ ಹೆಬ್ಬೆರಳು ಮಾತ್ರ. ಕೆಲ್ಸಿ ಫೋನಿನಲ್ಲಿ, "ವರ್ನಾ, ಮಕ್ಕಳು ಕಾಣ್ತಾನೇ ಇಲ್ಲ" ಎಂದಳು.

"ಕಾಣಲ್ಲ. ಕೋಟಿನೊಳಗಿವೆ."

"ಒಂದು ನಿಮಿಷ ಕೋಟು ಬಿಚ್ಚಿ ತೆಗೀರಿ."

"ಕೆಲ್ಸಿ," ಎಂದಳು ವರ್ನಾ, ತನ್ನ ಬಸ್ಸಿನ ಧ್ವನಿಯಲ್ಲಿ, "ಇನ್ನೊಂದು ಮಾತಾಡಿದ್ರೆ ಎರಡನ್ನೂ ಯಾರ್ದಾದ್ರೂ ಜಗಲಿ ಮೇಲಿಟ್ಟು ಮನೆಗೆ ಹೋಗ್ತೀನಿ."

ಏಳೂವರೆ ದಾಟಿತ್ತು. ಮಳೆ ಬಿರುಸಾಗಿ ಹುಲ್ಲೆಲ್ಲ ತೊಯ್ದು, ಜೂನ್ ಕೆಳಗಿನಿಂದಲೂ ಮೇಲಿನಿಂದಲೂ ಒದ್ದೆಯಾಗಿ ಕೊರಗಲು ಶುರುಮಾಡಿದಳು. ಮುಂದಿನ ಮನೆ ಜೋಲೀನ್‌ಳದು. ವರ್ನಾ ಅದರ ಗೇಟಿನ ಮುಂದೆ ಬಂಡಿ ನಿಲ್ಲಿಸಿದಳು. ದಾಟಿ ಹೋದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಬಾಗಿಲೂ ಬಿಡಲ್ಲ ಎಂದವಳು ಸೊಸೆ, ತಾನಲ್ಲ. ಅಷ್ಟು ಲೆಕ್ಕ ಹಾಕಿಯೂ ಬೈದುಕೊಳ್ಳುತ್ತಲೇ ಗೇಟು ತಳ್ಳಿದಳು.

ಬಾಗಿಲು ತೆಗೆದ ಜೋಲೀನ್ ನಗಲಿಲ್ಲ. ಹಲ್ಲೂ ಕೇಳಲಿಲ್ಲ. ಅಳುತ್ತಿದ್ದ ಜೂನ್‌ಳ ಕೋಟಿನ ಅಂಚು ಮುಟ್ಟಿ ನೋಡಿದಳು.

"ಈ ಮಗು ಪೂರ್ತಿ ನೆಂದಿದೆ. ಒಳಗೆ ಬನ್ನಿ."

"ಬೇಡ. ಇನ್ನು ನಾಲ್ಕೇ ಮನೆ."

"ನಿಮ್ಮನ್ನ ಕರೀತಿಲ್ಲ. ಮಗೂನ ಕರೀತಿದೀನಿ. ನೀವು ಬೇಕಾದ್ರೆ ಹೊರಗಿರಿ."

ವರ್ನಾ ಥಿಯೋನನ್ನು ಎತ್ತಿಕೊಂಡು ಹಿಂದೆಯೇ ಹೋದಳು. ಜೋಲೀನ್‌ಳ ಗಂಡ ಮಗ ವೆಸ್ಲಿಯನ್ನು ಕರೆದುಕೊಂಡು ಮಿಠಾಯಿಗೆ ಹೋಗಿದ್ದ. ಮನೆಯಲ್ಲಿ ಜೋಲೀನ್ ಒಬ್ಬಳೇ. ಅವಳು ಸೋಫಾದ ಮೇಲೆ ಟವೆಲು ಹಾಸಿ ಜೂನ್‌ಳನ್ನು ಮಲಗಿಸಿ, ಒದ್ದೆಯದನ್ನೆಲ್ಲ ಬಿಚ್ಚಿ ಒರೆಸಿದಳು. ವೆಸ್ಲಿಯ ಹಳೆಯ ಬಟ್ಟೆಗಳ ಪೆಟ್ಟಿಗೆಯಿಂದ ಒಂದು ಕರಡಿಯ ವೇಷ ತೆಗೆದಳು. ವರ್ನಾ ಅದನ್ನು ಗುರುತಿಸಿದಳು. ಗುರುತಿಸಿದ್ದನ್ನು ಜೋಲೀನ್ ಕಂಡಳು.

"ಬೇರೆ ಏನೂ ಇಲ್ಲ ಈ ಅಳತೇದು" ಎಂದಳು ಜೋಲೀನ್.

ಅವಳು ಜೂನ್‌ಳ ಕಾಲುಗಳನ್ನು ಕರಡಿಯೊಳಗೆ ತೂರಿಸಿದಳು.

"ವೆಸ್ಲಿ ಮೂರನೇ ಸೀಟಲ್ಲಿ ಕೂರ್ತಾನೆ" ಎಂದಳು ವರ್ನಾ. "ಮೊದಲನೇ ವಾರ ದಿನಾ ಅತ್ತ."

"ನಂಗೆ ಹೇಳ್ಲೇ ಇಲ್ಲ."

"ನೀನು ಮಾತಾಡ್ತಿರ್ಲಿಲ್ಲ."

"ನೀವು ಮಾತಾಡಿಸ್ತಿರ್ಲಿಲ್ಲ."

"ಅವತ್ತು ನಾನು ಕತ್ತೆ ಥರ ಮಾತಾಡ್ದೆ, ಜೋಲೀನ್."

"ಕತ್ತೆ ಹಾಗೆಲ್ಲ ಮಾತಾಡಲ್ಲ."

"ನಂಗೆ ಕ್ಷಮೆ ಕೇಳೋಕೆ ಬರಲ್ಲ."

"ಕಾಣ್ತಾ ಇದೆ" ಎಂದು ಜೋಲೀನ್ ಕರಡಿಯ ಗುಂಡಿ ಹಾಕಿದಳು. ಜೂನ್ ಅಳು ನಿಲ್ಲಿಸಿ ಅವಳ ಕೂದಲು ಹಿಡಿದೆಳೆದಳು. "ಅವತ್ತು ಮನೆಗೆ ಬಂದು ಒಂದು ವಾರ ಮತ್ತೆ ಹೊರಗೆ ಹೋಗ್ಲಿಲ್ಲ ನಾನು. ಚಾಕಲೇಟಿಗೆ ಅಂತ ಬಂದಿರ್ಲಿಲ್ಲ. ಆ ಕೂಸನ್ನ ಹೇಗೆ ಸಾಕೋದು ಅಂತಾನೇ ತಿಳೀತಿರ್ಲಿಲ್ಲ ನಂಗೆ. ಯಾರಾದ್ರೂ 'ಚೆನ್ನಾಗಿದೆ ಮಗು' ಅಂದಿದ್ರೆ ಸಾಕಾಗಿತ್ತು."

ವರ್ನಾ ತಲೆಯ ಮೇಲಿನ ಜುಟ್ಟನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ಯಾರಿಗೂ ಹೇಳಿರದ ಮಾತು ಆಗ ಅವಳ ಬಾಯಿಂದ ಬಂತು. "ಇವು ಆ ಗಾಜಿನ ಡಬ್ಬೀಲಿದ್ದಾಗ ನಾನು ಒಳಗೇ ಹೋಗ್ಲಿಲ್ಲ. ಬಾಗಿಲ ಹತ್ರ ಕೈ ತೊಳ್ಕೊಂಡು ಹೋಗ್ಬೇಕು ಅಲ್ಲಿ. ಮೂರು ಸಲ ಹೋದೆ. ಮೂರು ಸಲವೂ ಮೊಣಕೈವರೆಗೂ ಕೈ ತೊಳ್ದೆ. ಆಮೇಲೆ ಹಾಗೇ ವಾಪಸ್ ಬಂದೆ. ನೋಡಿಬಿಟ್ರೆ, ಆಮೇಲೆ ಅವು ಉಳೀದೇ ಹೋದ್ರೆ, ಅನ್ನಿಸ್ತು."

"ಕೆಲ್ಸಿಗೆ ಹೇಳಿದೀರಾ?"

"ಏನಂತ ಹೇಳ್ಲಿ?"

"ಈಗ ನಂಗೆ ಹೇಳಿದ್ರಲ್ಲ, ಅದನ್ನೇ."

"ಅದೆಲ್ಲ ನನ್ನ ಕೈಲಾಗಲ್ಲ" ಎನ್ನುವಷ್ಟರಲ್ಲಿ ಎಂಟರ ಸೈರನ್ ಕೂಗಿತು. ವರ್ನಾ ಧಡಕ್ಕನೆ ಎದ್ದಳು. "ಅಯ್ಯೋ! ಇನ್ನೂ ನಾಲ್ಕು ಮನೆ ಇದೆ!"

"ಮುಗೀತಲ್ಲ. ದೀಪ ಆರಿಸಿರ್ತಾರೆ."

"ಆರಿಸ್ಲಿ. ಕೈ ಇದೆಯಲ್ಲ, ಬಾಗಿಲು ತಟ್ಟೋಕೆ!"

ಎಂಟರ ಮೇಲೆ ಒಂದು ನಿಮಿಷವಾದರೂ ಮಿಠಾಯಿ ಕೊಡದೆ ದೀಪ ಆರಿಸುತ್ತಿದ್ದವಳೇ ಈ ಮಾತು ಆಡಿದ್ದು. ಗೇಟಿನ ಬಳಿ ಬಂಡಿಯ ಹಿಂದಿನ ಚಕ್ರ ಕಳಚಿಕೊಂಡು ಚರಂಡಿಗೆ ಉರುಳಿತು. ವರ್ನಾ ಬಂಡಿಯನ್ನೂ ನನ್ನನ್ನೂ ಸೇರಿಸಿ ಬೈದು, ಥಿಯೋನನ್ನು ಸೊಂಟಕ್ಕೇರಿಸಿಕೊಂಡಳು. ಜೋಲೀನ್ ಮಾತಿಲ್ಲದೆ ಕೊಡೆ ಬಿಚ್ಚಿ, ಜೂನ್‌ಳನ್ನು ಎದೆಗಪ್ಪಿಕೊಂಡು ಜೊತೆಗೆ ಹೊರಟಳು.

ಆ ನಾಲ್ಕರಲ್ಲಿ ಮೊದಲ ಬಾಗಿಲು ರಸ್ ಡಾಂಬೆಕ್‌ನದು. ಮೂವತ್ತು ವರ್ಷದ ಹಿಂದೆ ಅವಳ ಬಸ್ಸಿನಲ್ಲಿ ಕಿಟಕಿಯಿಂದ ಕೈ ಹೊರಗೆ ಹಾಕಿ ದಿನವೂ ಬೈಸಿಕೊಂಡವನು.

"ಮಿಸ್ ವರ್ನಾ, ಸೈರನ್ ಆಯ್ತು" ಎಂದ, ಬಾಗಿಲನ್ನು ಒಂದು ಗೇಣು ತೆರೆದು.

"ಕೇಳಿಸ್ತು. ನಾನೇನು ಕಿವುಡಿಯಲ್ಲ."

"ಎಲ್ಲ ಖಾಲಿ ಆಗಿದೆ."

"ಏನಾದ್ರೂ ಕೊಡು, ರಸ್. ಬರಿಗೈಲಿ ಹೋಗಲ್ಲ ನಾನು."

ರಸ್ ಬಸ್ಸಿನ ಕನ್ನಡಿಯಲ್ಲಿ ಸಿಕ್ಕಿಬಿದ್ದ ಹುಡುಗನ ಮುಖ ಮಾಡಿಕೊಂಡು ಒಳಗೆ ಹೋಗಿ, ಜೋಳದ ಕಾಳಿನ ಒಂದು ಡಬ್ಬಿ ತಂದು ಥಿಯೋನ ಕೈಗಿಟ್ಟ. ಥಿಯೋ ಆ ಸಂಜೆ ಮೊದಲ ಸಲ ನಕ್ಕ. ಮುಂದಿನ ಮನೆಯವರು ಸೂಪಿನ ಪೊಟ್ಟಣ ಕೊಟ್ಟರು. ಅದರ ಮುಂದಿನ ಮನೆಯ ಮುದುಕಿ ರಾತ್ರಿಯಂಗಿಯಲ್ಲಿ ಬಂದು, ಕೊಡಲು ಏನೂ ತೋಚದೆ ಇಬ್ಬರು ಮಕ್ಕಳ ಕೆನ್ನೆಗೂ ಮುತ್ತಿಟ್ಟಳು. ಕೊನೆಯ ಮನೆಯವರು ಊರಲ್ಲಿರಲಿಲ್ಲ. ಆದರೂ ವರ್ನಾ ಮೆಟ್ಟಿಲು ಹತ್ತಿ ಗಂಟೆ ಒತ್ತಿದಳು. ಒಳಗೆ ಗಂಟೆ ಬಾರಿಸಿದ್ದು ಕೇಳಿಸಿದ ಮೇಲೆ, "ಆಯ್ತು, ಲೆಕ್ಕಕ್ಕೆ ಸೇರ್ತು" ಎಂದು ಇಳಿದಳು.

ಎಂಟೂ ಇಪ್ಪತ್ತಕ್ಕೆ ಇಬ್ಬರು ಹೆಂಗಸರು, ಒಂದು ಮೊಟ್ಟೆ, ಒಂದು ಕರಡಿ ಕೆಲ್ಸಿಯ ಬಾಗಿಲಿಗೆ ಬಂದರು. ಮಕ್ಕಳೆರಡೂ ನಿದ್ದೆ ಹೋಗಿದ್ದವು. ವರ್ನಾಳ ಕೂದಲಿನಿಂದ ನೀರು ಇಳಿಯುತ್ತಿತ್ತು.

"ಇಪ್ಪತ್ತಾರು ಮನೆ" ಎಂದಳು. "ಒಂದೂ ಬಿಟ್ಟಿಲ್ಲ. ನಾಯಿನ ಅಟ್ಟಿಸ್ಕೊಂಡು ಓಡಿದೀನಿ. ಊರೆಲ್ಲ ನನ್ನ ನೋಡಿ ನಕ್ಕಿದೆ. ನಿನ್ನ ಮಗಳು ಅರ್ಧ ಗೂಡು ತಿಂದಿದಾಳೆ. ಇನ್ನೊಂದು ಸಲ ಈ ಕೆಲಸ ಹೇಳಿದ್ರೆ ನಾನು ಊರು ಬಿಟ್ಟು ಹೋಗ್ತೀನಿ."

ಕೆಲ್ಸಿ ನಗುತ್ತಿದ್ದಳೋ ಅಳುತ್ತಿದ್ದಳೋ, ಪಕ್ಕದಲ್ಲಿದ್ದ ನನಗೂ ತಿಳಿಯಲಿಲ್ಲ. ಜೋಲೀನ್ ಹಿಂದಿನಿಂದ ವರ್ನಾಳ ಬೆನ್ನಿಗೆ ಮೊಣಕೈ ತಿವಿದಳು. ವರ್ನಾ ಗಂಟಲು ಸರಿ ಮಾಡಿಕೊಂಡಳು.

"ಕೆಲ್ಸಿ, ಆಸ್ಪತ್ರೇಲಿ ಆಗ... ನಾನು ಒಳಗೆ ಬರ್ಲಿಲ್ಲ ನಿಜ. ಆದ್ರೆ ಕೈ ತೊಳ್ದಿದ್ದೆ."

"ಗೊತ್ತು" ಎಂದಳು ಕೆಲ್ಸಿ.

"ಏನು ಗೊತ್ತು?"

"ಮೂರು ಸಲ. ನರ್ಸ್ ಹೇಳಿದ್ಲು. ನಿಮ್ಮತ್ತೆ ಬಂದು ಕೈ ತೊಳ್ಕೊಂಡು, ಗೋಡೆ ಕಡೆ ತಿರುಗಿ ಅಳ್ತಿದ್ರು, ಆಮೇಲೆ ಹೋದ್ರು ಅಂತ."

ವರ್ನಾಳ ಮುಖದಲ್ಲಿ ಮೊದಲು ಬೆರಗು ಬಂತು, ಅದರ ಹಿಂದೆಯೇ ಸಿಟ್ಟು. "ಗೊತ್ತಿದ್ದೂ ಒಂದು ವರ್ಷ ಬಾಯಿ ಮುಚ್ಕೊಂಡಿದ್ಯಾ?"

"ನೀವೇ ಹೇಳ್ತೀರಾ ಅಂತ ಕಾಯ್ತಿದ್ದೆ."

"ಒಂದು ವರ್ಷ! ನಾನು ಹಾಲಿನ ಡಬ್ಬಿ ಮಾತಾಡ್ಕೊಂಡು ಸಾಯ್ತಿದ್ದೆ ಇಲ್ಲಿ! ಇಡೀ ಸಂಸಾರ ಸೇರಿ ನನಗೆ ಹುಚ್ಚು ಹಿಡಿಸ್ತೀರ" ಎಂದು ವರ್ನಾ ಥಿಯೋನನ್ನು ಅವಳ ತೋಳಿಗೆ ದಾಟಿಸಿದಳು. ದಾಟಿಸಿದ ಕೈ ಸೊಸೆಯ ತಲೆಯ ಮೇಲೆ ಒಂದು ಕ್ಷಣ ನಿಂತಿತು. ಅಷ್ಟರಲ್ಲಿ ಡ್ವೇನ್ ಹುಬ್ಬಿನ ಮೇಲೆಲ್ಲ ಉಪ್ಪಿನ ಪುಡಿ ಹೊತ್ತು ಒಳಗೆ ಬಂದು, ಹೆಂಡತಿಯ ಕಾಲು ನೋಡಿ ಕಿರುಚಿದ. ಯಾರೂ ಅವನಿಗೆ ಸುದ್ದಿಯನ್ನೇ ಮುಟ್ಟಿಸಿರಲಿಲ್ಲ.

ಎಕ್ಸ್-ರೇಯಲ್ಲಿ ಮೂಳೆ ಎರಡು ಕಡೆ ಬಿರುಕು ಬಿಟ್ಟದ್ದು ಕಂಡಿತು. ಆರು ವಾರ ಪಟ್ಟಿ. ಆ ಆರು ವಾರವೂ ವರ್ನಾ ಬೆಳಗಿನ ಬಸ್ಸು ಮುಗಿಸಿ ನೇರ ಸೊಸೆಯ ಮನೆಗೆ ಹೋಗಿ, ಮಧ್ಯಾಹ್ನದ ಬಸ್ಸಿನವರೆಗೂ ಅಲ್ಲೇ ಇರುತ್ತಿದ್ದಳು. ಹಾಲು ಎಷ್ಟು ಬಿಸಿಯಿರಬೇಕು ಎಂಬುದಕ್ಕೆ, ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ ಎಂಬುದಕ್ಕೆ ಇಬ್ಬರೂ ಜಗಳವಾಡುವುದು ಬೀದಿಗೆ ಕೇಳುತ್ತಿತ್ತು. ಹವಾಮಾನದ ಮಾತು ಮಾತ್ರ ನಿಂತುಹೋಗಿತ್ತು. ಜೋಲೀನ್ ವಾರಕ್ಕೆರಡು ಸಲ ಬಂದು, ಇಬ್ಬರನ್ನೂ ಸುಮ್ಮನಾಗಿಸಿ, ಮಕ್ಕಳನ್ನು ಹೊರಗೆ ಸುತ್ತಾಡಿಸಿಕೊಂಡು ಬರುತ್ತಿದ್ದಳು.

ಜೂನ್ ತಿಂಗಳಿಗೆ ವರ್ನಾ ಬಸ್ಸಿನ ಕೆಲಸದಿಂದ ನಿವೃತ್ತಳಾದಳು. ಮುಂದಿನ ಹ್ಯಾಲೋವೀನಿಗೆ ಕೆಲ್ಸಿ ಮಕ್ಕಳನ್ನು ಎರಡು ಕ್ಯಾರೆಟ್ ಮಾಡಿದಳು. ಈಗ ಎರಡಕ್ಕೂ ಕಾಲು ಬಂದಿತ್ತು. ಒಂದು ಉತ್ತರಕ್ಕೆ ಹೋದರೆ ಇನ್ನೊಂದು ದಕ್ಷಿಣಕ್ಕೆ. ಜೂನ್ ಮೊದಲ ಮನೆಯಲ್ಲೇ ವೇಷ ಕಿತ್ತೆಸೆದಳು. ಥಿಯೋ ಮೂರನೇ ಮನೆಯ ಮುಂದೆ ನೆಲದ ಮೇಲೆ ಕೂತವನು ಏನು ಮಾಡಿದರೂ ಏಳಲಿಲ್ಲ. ಅವನನ್ನು ಎತ್ತಲು ಬಗ್ಗಿದ ವರ್ನಾ ಸೊಂಟ ಹಿಡಿದುಕೊಂಡು ಹಾಗೇ ಅವನ ಪಕ್ಕದಲ್ಲಿ ಕೂತುಬಿಟ್ಟಳು.

"ನೋಡಿದ್ಯಾ?" ಎಂದಳು ನನಗೆ, ನಾನು ಹತ್ತಿರ ಹೋದಾಗ. "ಒಂದು ವರ್ಷದ ಮಕ್ಕಳೇ ವಾಸಿ. ಹಾಕಿದಲ್ಲಿ ಬಿದ್ದಿರ್ತಾವೆ. ಬಾ, ಕೈ ಕೊಡು, ಮೊದ್ಲು ನನ್ನ ಎಬ್ಬಿಸು."